ಕೈಗುಣ

ಅವರು ಬೈದಿದ್ದರೆ ಒಳ್ಳೆಯದಿತ್ತು. ಬೈಗುಳಕ್ಕೆ ಏನಾದರೊಂದು ಉತ್ತರ ಬಾಯಿಗೆ ಬರುತ್ತದೆ. ನಗುವಿಗೆ ಏನು ಉತ್ತರ ಕೊಡುವುದು, ಹೆಚ್ಚೆಂದರೆ ತಾನೂ ನಗಬಹುದು, ಅವಳು ನಕ್ಕೇಬಿಟ್ಟಿದ್ದಳು. ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಆ ನಗುವನ್ನು ನೆನೆದಾಗ ಅವಳಿಗೆ ಮೈಯೆಲ್ಲ ಉರಿಯಿತು. ನಿನ್ನೆ ಮೀಟಿಂಗಿನಲ್ಲಿ ಪರದೆಯ ಮೇಲೆ, ಒಂದೊಂದು ಜೀವಿಗೆ ಒಂದೊಂದು ಬಣ್ಣ ಕೊಟ್ಟ ಎರಡು ಕಂಬಗಳು ಅಕ್ಕಪಕ್ಕ ನಿಂತಿದ್ದವು. ಒಂದು, ನಡುಸಮುದ್ರದಲ್ಲಿ ಬೆಳಕಿನ ಸುಳಿವೂ ಇಲ್ಲದ ಆಳದಿಂದ ಎತ್ತಿ ತಂದ ನೀರಿನದು. ಇನ್ನೊಂದು ಖಾಲಿಯದು. ಅವರ ಲ್ಯಾಬಿನ ಭಾಷೆಯಲ್ಲಿ ಖಾಲಿ ಎಂದರೆ ಏನೂ ಇಲ್ಲದ ನೀರು. ಸಮುದ್ರದ ನೀರಿನ ಪ್ರತಿ ಕಂತಿನ ಜೊತೆಗೂ ಒಂದು ಬಾಟಲಿ ಶುದ್ಧ ನೀರನ್ನು ಅದೇ ಥರದ ಫಿಲ್ಟರಿನಲ್ಲಿ ಸೋಸಿ, ಅದೇ ದ್ರಾವಣಗಳಲ್ಲಿ ಅದ್ದಿ, ಡಿಎನ್‌ಎ ಓದುವ ಅದೇ ಸೀಕ್ವೆನ್ಸಿಂಗ್ ಯಂತ್ರಕ್ಕೆ ಉಣಿಸುತ್ತಾರೆ. ಅದರಲ್ಲಿ ಯಾವ ಜೀವಿಯ ಡಿಎನ್‌ಎಯೂ ಕಾಣಬಾರದು. ಕಂಡರೆ ಅದು ಸಮುದ್ರದ್ದಲ್ಲ, ಲ್ಯಾಬಿನೊಳಗಿನದೇ. ನಿನ್ನೆ ಖಾಲಿಯ ಕಂಬದಲ್ಲಿ ಒಂದು ಕಿತ್ತಳೆ ಬಣ್ಣದ ಪಟ್ಟಿ ಇತ್ತು. ಅದೇ ಕಿತ್ತಳೆ ಆಳದ ನೀರಿನ ಕಂಬವನ್ನೂ ಹೆಚ್ಚುಕಡಿಮೆ ಪೂರ್ತಿ ತುಂಬಿಕೊಂಡಿತ್ತು. ಅದು ಜಗತ್ತಿನಲ್ಲಿ ಈವರೆಗೆ ಯಾರೂ ಓದಿರದ, ಯಾರ ಸಂಗ್ರಹದಲ್ಲೂ ಹೆಸರಿಲ್ಲದ ಸೂಕ್ಷ್ಮಜೀವಿ. ಅದನ್ನೇ ಇವತ್ತು ಮಧ್ಯಾಹ್ನ ಅನುದಾನ ಕೊಡುವ ಸಮಿತಿಯ ಮುಂದೆ ಸಂಸ್ಥೆಯ ದೊಡ್ಡ ಶೋಧವೆಂದು ಸಾರುವುದಿತ್ತು. ಎಲ್ಲರೂ ಪರದೆ ನೋಡುತ್ತಿದ್ದಾಗ ಸರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಅವಳ ಕಡೆ ನೋಡುತ್ತ, "ಇದೂ ನಮ್ಮ ಅಕ್ಕನ ಕೈಗುಣವೇ ಇರ್ಬೇಕು" ಎಂದರು. ಮೇಜಿನ ಸುತ್ತ ಕೂತವರೆಲ್ಲ ನಕ್ಕರು, ಅವಳೂ ನಕ್ಕಳು.

ಕೈಗುಣ ಎಂಬ ಮಾತು ಅವಳಿಗೆ ಅಂಟಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಒಬ್ಬ ವೈದ್ಯರು ಮುಟ್ಟಿದರೆ ಜ್ವರ ಇಳಿಯುತ್ತದೆ, ಇನ್ನೊಬ್ಬರು ಅದೇ ಮಾತ್ರೆ ಕೊಟ್ಟರೂ ಇಳಿಯುವುದಿಲ್ಲ; ಒಬ್ಬರು ಹಾಕಿದ ಉಪ್ಪು ರುಚಿ, ಇನ್ನೊಬ್ಬರು ಹಾಕಿದ್ದು ಬರೀ ಉಪ್ಪು. ಹಾಗೆಯೇ ಅವಳ ಕೈಯಲ್ಲಿ ಡಿಎನ್‌ಎ ಬರುತ್ತದೆ ಎಂದು ಲ್ಯಾಬಿನಲ್ಲಿ ಪ್ರತೀತಿ. ಅದರಲ್ಲಿ ಮಾಯಾಮಂತ್ರವೇನೂ ಇರಲಿಲ್ಲ. ಚಹಾ ಸೋಸುವಾಗ ಚರಟ ಎಸೆದು ನೀರು ಉಳಿಸಿಕೊಳ್ಳುತ್ತೇವೆ; ಇಲ್ಲಿ ನೀರನ್ನು ಸಿಂಕಿಗೆ ಚೆಲ್ಲಿ ಚರಟ ಉಳಿಸಿಕೊಳ್ಳುವುದು. ಆ ಚರಟವೋ ಕಣ್ಣಿಗೆ ಕಾಣುವಂಥದ್ದಲ್ಲ, ಈರುಳ್ಳಿಯ ಪೊರೆಯಷ್ಟು ತೆಳ್ಳಗಿನ ಬಿಳಿ ಬಿಲ್ಲೆಯೊಂದರ ಮೇಲೆ ಇದೆ ಎಂದು ನಂಬಿಕೊಳ್ಳಬೇಕು. ಆ ಬಿಲ್ಲೆಯನ್ನು ಹರಿಯದಂತೆ ಸುರುಳಿ ಸುತ್ತಿ ಸಣ್ಣ ಟ್ಯೂಬಿನೊಳಗೆ ಇಳಿಸುವುದೇ ಕಸುಬು. ಗ್ಲೌಸ್ ಹಾಕಿದ ಬೆರಳಿಗೆ ಅದು ಅಂಟುತ್ತದೆ, ಮುದುಡುತ್ತದೆ, ಹರಿದು ಅರ್ಧ ಮಾಲು ಅಲ್ಲೇ ಹೋಗುತ್ತದೆ. ಅವಳು ಎಡಗೈಯ ಚಿಮಟದಲ್ಲಿ ಬಿಲ್ಲೆ ಹಿಡಿದು, ಬಲಗೈಯ ಗ್ಲೌಸ್ ಕಳಚಿ, ಹೆಬ್ಬೆರಳು ತೋರುಬೆರಳಿಗೆ ಸ್ಪಿರಿಟ್ ಒರೆಸಿಕೊಂಡು, ಒಂದೇ ಸಲಕ್ಕೆ ಅಂಚು ಸುತ್ತಿಬಿಡುವಳು. ಯಂತ್ರ ಬರುವ ಮೊದಲು, ಜೀವಿಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡುತ್ತಿದ್ದ ಕಾಲದಲ್ಲಿ ಕಲಿತ ಪಾಠ ಅದು. ಸರ್ ಆಗ ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡುತ್ತ, ಬಿಲ್ಲೆ ಹರಿದಾಗಲೆಲ್ಲ ತಲೆ ಚಚ್ಚಿಕೊಳ್ಳುತ್ತಿದ್ದವರು. ಅವರು ಮೇಲೇರಿ ಸಂಸ್ಥೆಯ ಮುಖ್ಯಸ್ಥರಾದರು. ಅವಳು ಡಾಕ್ಟರೇಟ್ ಪಡೆದೂ ಅದೇ ಮೇಜಿನಲ್ಲಿ ಉಳಿದು ಎಲ್ಲರಿಗೂ ಅಕ್ಕ ಆದಳು. ಹೊಸದಾಗಿ ಸೇರಿದವರು ಅವಳ ಬರಿಗೈ ಕಂಡು ಹುಬ್ಬೇರಿಸಿದರೆ ಸರ್ ತಾವಾಗಿಯೇ, ಅವರನ್ನ ಬಿಡ್ರಪ್ಪ, ಅದು ಕೈಗುಣ, ಕಲಿತರೆ ಬರಲ್ಲ ಎನ್ನುತ್ತಿದ್ದರು. ಅತಿಥಿಗಳನ್ನು ಕರೆತಂದು ಅವಳು ಸುತ್ತುವುದನ್ನು ತೋರಿಸಿದ್ದೂ ಉಂಟು. ಆಗೆಲ್ಲ ಅವಳು ತಲೆ ಎತ್ತುತ್ತಿರಲಿಲ್ಲ, ಆದರೆ ಕಿವಿ ಬಿಸಿಯಾಗುತ್ತಿದ್ದವು.

ಮನೆಯಲ್ಲಿ ಆ ಮಾತು ನಡೆಯುತ್ತಿರಲಿಲ್ಲ. ಬೆಳಿಗ್ಗೆಯಷ್ಟೇ ಅತ್ತೆ ಬಾಲ್ಕನಿಯಲ್ಲಿ ಹೊಸ ಗುಲಾಬಿ ಕಡ್ಡಿ ನೆಡುತ್ತಿದ್ದಾಗ ಅವಳು ಕುಂಡ ಸರಿಸಿಕೊಡಲು ಹೋಗಿದ್ದಳು. ನೀನು ಮುಟ್ಟಬೇಡಮ್ಮ, ನಿನ್ನ ಕೈಲಿ ಗಿಡ ಹತ್ತಲ್ಲ ಎಂದು ಅತ್ತೆ ಕುಂಡವನ್ನು ಮಗುವಿನ ಹಾಗೆ ತಮ್ಮ ಕಡೆ ಎಳೆದುಕೊಂಡಿದ್ದರು. ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ, ಹೋದ ಸಲದ್ದು, ಅದರ ಹಿಂದಿನ ಸಲದ್ದು ಒಣಗಿಹೋಗಿದ್ದು ನಿಜವೇ. ಕನ್ನಡಕದ ಅಂಗಡಿ ಇಟ್ಟಿರುವ ಗಂಡ ಅಲ್ಲೇ ಕೂತು ಯಾರದೋ ಚೌಕಟ್ಟಿನ ತಿರುಪು ಬಿಗಿ ಮಾಡುತ್ತಿದ್ದ. ಅಮ್ಮ ಹೇಳಿದ್ದು ಕೇಳಿಸಿತೋ ಇಲ್ಲವೋ, ಕೇಳಿಸಿದರೂ ಆತ ತಲೆ ಎತ್ತುವ ಜಾತಿಯಲ್ಲ. ಅವಳು ಒಳಗೆ ಬಂದು ಸಾಬೂನು ಹಚ್ಚಿ ಕೈ ತೊಳೆದಳು, ಮಣ್ಣು ಮುಟ್ಟಿಯೇ ಇರಲಿಲ್ಲ. ಈಗ ಬಸ್ಸಿನ ಕಂಬದ ಮೇಲೆ ಬೇರೆಯವರ ಕೈಗಳ ನಡುವೆ ತನ್ನ ಕೈಯನ್ನು ನೋಡುತ್ತ, ಮನೆಯಲ್ಲಿ ಗಿಡ ಸಾಯಿಸುವ ಕೈ, ಲ್ಯಾಬಿನಲ್ಲಿ ಶೋಧ ಸಾಯಿಸುವ ಕೈ, ಒಟ್ಟಿನಲ್ಲಿ ಎಲ್ಲದಕ್ಕೂ ಈ ಕೈಯೇ ಸಿಕ್ಕಿತೇ ಇವರಿಗೆ ಎಂದುಕೊಂಡಳು. ನಿನ್ನೆ ಮೀಟಿಂಗಿನಲ್ಲಿ ಹೇಳಬೇಕಾಗಿದ್ದ ಉತ್ತರಗಳು ಈಗ ಒಂದರ ಹಿಂದೊಂದು ಬರುತ್ತಿದ್ದವು, ಊಟವಾದ ಮೇಲೆ ಬಂದ ಉಪ್ಪಿನಕಾಯಿಯ ಹಾಗೆ. ಅವುಗಳಲ್ಲಿ ಒಂದೆರಡನ್ನು ಅವಳು ತುಟಿ ಅಲುಗಿಸಿ ಆಡಿಯೂ ನೋಡಿದಳು. ಪಕ್ಕದಲ್ಲಿ ನಿಂತಿದ್ದ ಹೆಂಗಸು ಸ್ವಲ್ಪ ಸರಿದು ನಿಂತಳು.

ಲ್ಯಾಬಿಗೆ ಕಾಲಿಡುತ್ತಿದ್ದಂತೆ ಸರ್ ಕರೆಯುತ್ತಿದ್ದಾರೆ ಎಂದು ಸುದ್ದಿ. ಸರ್‌ನ ಕೋಣೆಯಲ್ಲಿ ಕುರ್ಚಿಗಳನ್ನು ಒರೆಸಿಡಲಾಗಿತ್ತು, ಕಿಟಕಿಯ ಪರದೆ ಒಗೆದು ಹಾಕಿದ್ದರು, ಮಧ್ಯಾಹ್ನದ ಅತಿಥಿಗಳಿಗೆ. ಅವರು ಕೂತ್ಕೊಳ್ಳಿ ಎಂದು ಹೇಳಿ ತಾವೇ ಬಾಗಿಲು ಹಾಕಿದರು. ಸಮಿತಿಯ ಅಧ್ಯಕ್ಷೆ ಚುರುಕು ಹೆಂಗಸು, ಮೊದಲು ಕೇಳುವುದೇ ಖಾಲಿಯ ಬಗ್ಗೆ, ಅದನ್ನು ತೋರಿಸಿ ಎಂದಳೆಂದರೆ ಮುಗಿಯಿತು ಕಥೆ ಎಂದರು. ಇಡೀ ರಾತ್ರಿ ಯೋಚಿಸಿ ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎನ್ನುವ ದಾರಿಯೊಂದನ್ನು ಅವರು ಕಂಡುಕೊಂಡಿದ್ದರು. ಖಾಲಿಯನ್ನು ಸಿದ್ಧಪಡಿಸಿದವಳು ಅವಳು. ಅವಳೇ ಒಂದು ಮಾತು ಹೇಳಿದರೆ ಆ ಬಾಟಲಿಯೇ ಕೆಟ್ಟದ್ದೆಂದು ಪಕ್ಕಕ್ಕಿಡಬಹುದು, ಆಳದ ನೀರಿನ ಶೋಧ ಹಾಗೆಯೇ ಉಳಿಯುತ್ತದೆ.

"ದೊಡ್ಡದೇನಲ್ಲ. ಸಮುದ್ರದ ನೀರು ತಾಗಿದ ಕೈಲೇ ಖಾಲಿ ಬಾಟ್ಲಿ ಮುಟ್ಟಿದೆ, ಕೈತಪ್ಪಾಯ್ತು ಅನ್ನಿ. ಮನುಷ್ಯರ ಕೈ ಅಲ್ವಾ."

"ನಾನು ಹಾಗೆ ಮುಟ್ಟಿಲ್ಲ ಸರ್. ಖಾಲೀನ ಯಾವಾಗ್ಲೂ ಮೊದಲು ಮಾಡಿ ಮುಗಿಸ್ತೀನಿ. ಸಮುದ್ರದ ಬಾಟ್ಲಿ ತೆಗೆಯೋದೇ ಆಮೇಲೆ."

ನೀರು ಶುದ್ಧಮಾಡುವ ಯಂತ್ರವನ್ನು ನೋಡಿ, ಅದರ ಒಳಗಿನ ಕೊಳವೆ ಬದಲಾಯಿಸಿ ಎಂದು ಬಾಯಿ ನೋಯುವಷ್ಟು ಹೇಳಿದ್ದೇನೆ, ಬಂದಿದ್ದರೆ ಅಲ್ಲಿಂದ ಬಂದಿರಬೇಕು ಎಂದಳು. ಸರ್ ತಾಳ್ಮೆಯಿಂದ ಕೇಳಿಸಿಕೊಂಡರು. ಯಂತ್ರದ ಮೇಲೆ ಹಾಕಿದರೆ ಅದರ ನೀರು ಸೋಕಿದ್ದೆಲ್ಲ ಸಂಶಯಕ್ಕೆ ಬೀಳುತ್ತದೆ, ಕೈಯ ಮೇಲೆ ಹಾಕಿದರೆ ಒಂದು ಬಾಟಲಿ ಹೋಗುತ್ತದೆ ಅಷ್ಟೇ ಎಂದು ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಡುವಂತೆ ವಿವರಿಸಿದರು. ಲೇಖನದಲ್ಲಿ ಅವಳ ಹೆಸರು ತಮ್ಮ ಹೆಸರಿನ ಪಕ್ಕದಲ್ಲೇ ಇರುತ್ತದೆ ಎಂದೂ ಸೇರಿಸಿದರು. ಅವಳಿಗೆ ಸಿಟ್ಟು ಬಂದದ್ದು ಅಲ್ಲಿ. ಅವಳ ಹತ್ತಿರ ಇದ್ದದ್ದು ಒಂದೇ, ಈ ಕೈ ತಪ್ಪುವುದಿಲ್ಲ ಎಂಬ ಹೆಸರು. ಅದನ್ನೇ ಕೇಳುತ್ತಿದ್ದಾನಲ್ಲ ಈ ಮನುಷ್ಯ, ಪೆನ್ನು ಕೊಡಿ ಈಗ ಕೊಡ್ತೀನಿ ಎನ್ನುವಷ್ಟು ಸಲೀಸಾಗಿ. ಅವಳು ಎದ್ದು ಬಂದಳು. ಬಾಗಿಲು ದಡಾರನೆ ಬಡಿಯಲಿ ಎಂದು ಬಿಟ್ಟರೆ ಆ ಬಾಗಿಲಿಗೆ ನಿಧಾನವಾಗಿ ಮುಚ್ಚುವ ಸ್ಪ್ರಿಂಗ್ ಇತ್ತು.

ಅಂಥ ಸಿಟ್ಟಿನಲ್ಲಿ ಕೆಲಸ ಚುರುಕಾಗುತ್ತದೆ. ಆ ಹೊಸ ಜೀವಿಯನ್ನು ಮಾತ್ರ ಹುಡುಕಿ ಹಿಡಿಯುವ ಪರೀಕ್ಷೆಯೊಂದನ್ನು ಅವಳೇ ಹಿಂದಿನ ತಿಂಗಳು ಸಿದ್ಧಮಾಡಿಟ್ಟಿದ್ದಳು. ಅದರ ಡಿಎನ್‌ಎ ಎಲ್ಲಿ ಒಂದು ಚೂರು ಇದ್ದರೂ ಅದನ್ನು ನಕಲು ಮಾಡಿ ಮಾಡಿ ಹೆಚ್ಚಿಸಿ, ಜೆಲ್ಲಿನ ತುಂಡಿನೊಳಗೆ ಹೊಳೆಯುವ ಗೆರೆಯಾಗಿ ತೋರಿಸುತ್ತದೆ. ಇಲ್ಲದಿದ್ದರೆ ಗೆರೆಯಿಲ್ಲ, ವಾದವಿವಾದವಿಲ್ಲ. ನೀರಿನ ಯಂತ್ರದ ನಲ್ಲಿಯ ಬಾಯನ್ನು ಹತ್ತಿಯ ಕಡ್ಡಿಯಿಂದ ಒರೆಸಿದಳು. ದ್ರಾವಣದ ಶೀಶೆ, ಬಿಚ್ಚದ ಹೊಸ ಫಿಲ್ಟರು, ಮೇಜಿನ ಕಲ್ಲು, ಚಿಮಟದ ತುದಿ, ಎಲ್ಲವನ್ನೂ ಒರೆಸಿದಳು. ಆಮೇಲೆ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಜರಡಿಯನ್ನು ಕರೆದಳು. ಯಂತ್ರ ಕಕ್ಕುವ ರಾಶಿ ರಾಶಿ ಅಕ್ಷರಗಳನ್ನು ಜಾಲಿಸಿ ಕಸ ಬೇರೆ ಕಾಳು ಬೇರೆ ಮಾಡುವುದು ಅವನ ಕೆಲಸ. ನಡುವಯಸ್ಸಿನ, ಹೆಚ್ಚು ಮಾತಿಲ್ಲದ ಗಂಡಸು, ಯಾರು ಯಾವಾಗ ಜರಡಿ ಎಂದು ಕರೆದರೋ, ಈಗ ಅವನ ಹೆಂಡತಿಯೂ ಫೋನಿನಲ್ಲಿ ಜರಡಿ ಇದ್ದಾರಾ ಎಂದೇ ಕೇಳುವುದು. ಅವನಿಗೆ ಗ್ಲೌಸ್ ಹಾಕಿಸಿ, ಕಡ್ಡಿ ಕೊಟ್ಟು, ತನ್ನ ಬಲಗೈಯನ್ನು ಅವನ ಮುಂದೆ ಚಾಚಿದಳು. ನೀನೇ ಒರೆಸು, ನಾಳೆ ನಾನೇ ಏನೋ ಕಿತಾಪತಿ ಮಾಡಿದೆ ಅನ್ನಬಾರದು ಎಂದಳು. ಅವನು ಸಂಕೋಚದಿಂದ, ಗಾಯ ಒರೆಸುವವನ ಹಾಗೆ, ಅವಳ ಹೆಬ್ಬೆರಳಿನ ಗೆರೆಗಳ ಮೇಲೆ ಕಡ್ಡಿ ಆಡಿಸಿದ. ಸ್ಪಿರಿಟ್ ಒರೆಸಿದ ಮೇಲೆ ಇನ್ನೊಂದು ಸಲ ತೆಗೆ ಎಂದಳು, ಅದನ್ನೂ ತೆಗೆದ. ನಿಂದೂ ಹಾಕು, ನಂದೊಬ್ಬಳದೇ ಯಾಕೆ ಎಂದು ಅವನ ಬೆರಳನ್ನು ತಾನೇ ಒರೆಸಿದಳು. ಸುಮ್ಮನೆ ಹಾಕಿದ್ದು ಅದು. ಪರೀಕ್ಷೆಯ ಚಿತ್ರವನ್ನು ಸರ್‌ನ ಮುಖಕ್ಕೆ ಹಿಡಿಯುವಾಗ, ನೋಡಿ, ಇದು ನಿಮ್ಮ ನಲ್ಲಿ, ಇದು ನನ್ನ ಕೈ ಎಂದು ಬೆರಳಿಟ್ಟು ತೋರಿಸುವುದಕ್ಕೆ.

ಯಂತ್ರ ಬಿಸಿಯಾಗುತ್ತ ತಣ್ಣಗಾಗುತ್ತ ನಕಲು ಮಾಡುತ್ತಿದ್ದಷ್ಟು ಹೊತ್ತು ಅವಳು ಸ್ಟೂಲಿನ ಮೇಲೆ ಕೂತು ಸರ್‌ಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿದಳು. ಮೊದಲು ಗಟ್ಟಿಯಾಗಿ ಹೇಳಬೇಕು, ಇಲ್ಲ, ಮೆತ್ತಗೆ ಹೇಳಬೇಕು, ಮೆತ್ತಗೆ ಹೇಳಿದರೆ ಹೆಚ್ಚು ನಾಟುತ್ತದೆ. ಅವರು ತಲೆ ತಗ್ಗಿಸುತ್ತಾರೆ. ತಪ್ಪಾಯ್ತು ಎನ್ನುತ್ತಾರೆ. ಅವಳು ಪರವಾಗಿಲ್ಲ ಬಿಡಿ ಸರ್ ಎನ್ನುವುದಿಲ್ಲ. ಅದೊಂದನ್ನು ಮಾತ್ರ ಸತ್ತರೂ ಎನ್ನುವುದಿಲ್ಲ. ಅಪ್ಪನಿಗೆ ಹೀಗೆಯೇ ಒಬ್ಬ ಮೇಲಧಿಕಾರಿಯಿದ್ದ. ಯಾರದೋ ತಪ್ಪಿಗೆ ಎಲ್ಲರೆದುರು ಅಪ್ಪನನ್ನು ನಿಲ್ಲಿಸಿ ನಗಾಡಿ, ಮಾರನೆಯ ದಿನ ಮನೆಗೆ ಬಂದು ಹೆಗಲ ಮೇಲೆ ಕೈ ಹಾಕಿದ. ಅಪ್ಪ ಪರವಾಗಿಲ್ಲ ಬಿಡಿ ಎಂದು ತಾವೇ ಕುರ್ಚಿ ತಂದು ಹಾಕಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ನೋಡಿದ ಹುಡುಗಿಗೆ ಅಪ್ಪನ ಮೇಲೆ ಬಂದ ಸಿಟ್ಟು ಆ ಅಧಿಕಾರಿಯ ಮೇಲೆ ಬಂದಿರಲಿಲ್ಲ. ನಿನ್ನೆ ತಾನೂ ನಕ್ಕೆನಲ್ಲ ಎಂದು ನೆನಪಾಗಿ ಅವಳು ಸ್ಟೂಲಿನಿಂದ ಎದ್ದು ನಿಂತಳು. ಕಾರಿಡಾರಿನಲ್ಲಿ ಅತಿಥಿಗಳಿಗೆಂದು ಹೂಕುಂಡ ಎಳೆದು ತರುವ ಸದ್ದು ಕೇಳುತ್ತಿತ್ತು.

ಕತ್ತಲು ಪೆಟ್ಟಿಗೆಯಲ್ಲಿ ಜೆಲ್ಲಿಟ್ಟು ದೀಪ ಹಾಕಿದಾಗ ಅವಳು ಮೊದಲು ನೋಡಿದ್ದು ನಲ್ಲಿಯ ಜಾಗವನ್ನು. ಗೆರೆಯಿರಲಿಲ್ಲ. ದ್ರಾವಣದಲ್ಲಿ ಇಲ್ಲ, ಫಿಲ್ಟರಿನಲ್ಲಿ ಇಲ್ಲ, ಮೇಜಿನಲ್ಲಿ ಇಲ್ಲ, ಚಿಮಟದಲ್ಲಿ ಇಲ್ಲ, ಜರಡಿಯ ಬೆರಳಿನಲ್ಲಿ ಇಲ್ಲ. ಅವಳ ಬೆರಳಿನ ಜಾಗದಲ್ಲಿ ಗೆರೆ ಬೆಳ್ಳಗೆ, ದಪ್ಪಗೆ, ನಾಚಿಕೆಯಿಲ್ಲದೆ ಹೊಳೆಯುತ್ತಿತ್ತು. ಸ್ಪಿರಿಟ್ ಒರೆಸಿದ ಮೇಲೆ ತೆಗೆದದ್ದರಲ್ಲೂ ಅಷ್ಟೇ. ಅವಳು ದೀಪ ಆರಿಸಿ ಮತ್ತೆ ಹಾಕಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಬೇಕಾಯಿತಲ್ಲ, ಸಮುದ್ರದ ತಳದವರೆಗೆ ಹೋಗಿ ಕನ್ನಡಿ ತರಬೇಕಾಯಿತಲ್ಲ. ಸ್ಪಿರಿಟ್ ಕೊಲ್ಲುತ್ತದೆ, ಅಳಿಸುವುದಿಲ್ಲ. ಇದನ್ನು ತರಬೇತಿಗೆ ಬಂದವರಿಗೆ ವರ್ಷ ವರ್ಷವೂ ಹೇಳಿಕೊಡುವವಳು ಅವಳೇ. ತಟ್ಟೆಯಲ್ಲಿ ಬೆಳೆಸುತ್ತಿದ್ದ ಕಾಲದಲ್ಲಿ ಸತ್ತದ್ದು ಬೆಳೆಯುತ್ತಿರಲಿಲ್ಲ, ಬೆಳೆಯದ್ದು ಇಲ್ಲವೆಂದೇ ಲೆಕ್ಕ. ಈಗಿನ ಯಂತ್ರ ಸತ್ತವರನ್ನೂ ಬದುಕಿದವರನ್ನೂ ಒಂದೇ ಸಮ ಓದುತ್ತದೆ, ಆದ್ದರಿಂದ ಹುಷಾರು ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದಳು. ತೋರಿಸಿ, ಸೀಮೆಸುಣ್ಣದ ಪುಡಿ ಒರೆಸಿಕೊಂಡು, ತನ್ನ ಮೇಜಿಗೆ ಬಂದು, ಗ್ಲೌಸ್ ಕಳಚಿ, ಬೆರಳಿಗೆ ಸ್ಪಿರಿಟ್ ಒರೆಸಿಕೊಂಡು ಬಿಲ್ಲೆ ಸುತ್ತುತ್ತಿದ್ದಳು. ಹೇಳುವ ಬಾಯಿಗೂ ಸುತ್ತುವ ಕೈಗೂ ಪರಿಚಯವೇ ಇರಲಿಲ್ಲ.

ಆದರೂ ಮನಸ್ಸು ನುಣುಚಿಕೊಳ್ಳಲು ನೋಡಿತು. ಆಳದ ನೀರಿನ ಬಿಲ್ಲೆಗಳನ್ನು ಸುತ್ತಿದ್ದು ಇದೇ ಬೆರಳು. ಸಮುದ್ರದ್ದೇ ಬೆರಳಿಗೆ ಅಂಟಿಕೊಂಡು ಉಳಿದಿರಬಾರದೇಕೆ? ಇಷ್ಟು ವಾರ, ಇಷ್ಟು ಸಾಬೂನು ಆದ ಮೇಲೂ ಉಳಿಯುತ್ತದೆಯೇ ಎಂದು ಕೇಳಿಕೊಳ್ಳುವ ಧೈರ್ಯವಾಗದೆ ಅವಳು ಜರಡಿಯ ಕುರ್ಚಿಯ ಹಿಂದೆ ಹೋಗಿ ನಿಂತು, ಹಳೆಯ ಕೆಲಸಗಳಲ್ಲೆಲ್ಲ ಈ ಜೀವಿ ಇದೆಯೇ ಹುಡುಕಿಕೊಡು ಎಂದಳು. ಊರ ಕೆರೆಯ ನೀರು, ನದಿ ಸಮುದ್ರ ಸೇರುವ ಜಾಗದ್ದು, ಒಂದು ಆಸ್ಪತ್ರೆಯ ತೊಟ್ಟಿಯದು, ಖಾಲಿಯನ್ನೂ ಓದಿಸುವ ಪದ್ಧತಿ ಬರುವ ಮೊದಲು ಯಾವ್ಯಾವುದೋ ಕಾಲದಲ್ಲಿ ಓದಿಸಿ ಮರೆತದ್ದು. ಅವನು ಹುಡುಕಿದ. ಎಲ್ಲದರಲ್ಲೂ ಇತ್ತು. ಅಲ್ಲಿ ನೀರಿನ ಜೀವಿಗಳು ಹೇರಳವಾದ್ದರಿಂದ ಇದು ಮೂಲೆಯಲ್ಲಿ ಚಿಟಿಕೆಯಷ್ಟು ಬಿದ್ದಿತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಡುಸಮುದ್ರದ ಆಳದಲ್ಲಿ ಜೀವಿಗಳೇ ವಿರಳ, ಆದ್ದರಿಂದ ಅಲ್ಲಿ ಇದೇ ಯಜಮಾನನಾಗಿತ್ತು. ಮನುಷ್ಯರ ಚರ್ಮದ ಮಾಮೂಲಿ ಬ್ಯಾಕ್ಟೀರಿಯಾಗಳನ್ನು ಅವನ ಜರಡಿ ತಾನಾಗಿಯೇ ಕಸಕ್ಕೆ ಎಸೆಯುತ್ತದೆ, ಅವುಗಳ ಹೆಸರು ಅದಕ್ಕೆ ಗೊತ್ತು. ಇದರ ಹೆಸರು ಯಾರಿಗೂ ಗೊತ್ತಿಲ್ಲದ್ದರಿಂದ ಇದು ಸಮುದ್ರದ್ದಾಗಿಬಿಟ್ಟಿತ್ತು. ಒಂದೇ ಒಂದು ಕಂತಿನಲ್ಲಿ ಅದು ಇರಲಿಲ್ಲ. ಅವಳು ಗರ್ಭಕೋಶದ ಆಪರೇಷನ್ನಿಗೆ ರಜೆ ಹಾಕಿದ್ದಾಗ ಬೇರೆ ಯಾರೋ ಗ್ಲೌಸ್ ಹಾಕಿಕೊಂಡೇ ಸುತ್ತಿದ ಕಂತು. ಬಿಲ್ಲೆಗಳೆಲ್ಲ ಹರಿದು, ಡಿಎನ್‌ಎ ಸಾಲದೆ, ಅಕ್ಕ ಇಲ್ಲದಿದ್ದರೆ ಹೀಗೇ ನೋಡಿ ಎಂದು ಸರ್ ಗೊಣಗಿದ್ದ ಕಂತು. ಜರಡಿ ಪರದೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದ.

"ನೀವು ಇರೋ ಕಡೆಯೆಲ್ಲ ಇದೆ ಅಕ್ಕ."

ಅವಳಿಗೆ ಅಳು ಬರಲಿಲ್ಲ, ಸಿಟ್ಟೇ ಬಂತು. ತನ್ನ ಮೇಲೆ ಬರಬೇಕಾದದ್ದು ಎಂದು ಗೊತ್ತಿದ್ದರೂ ಅದು ತಿರುತಿರುಗಿ ಸರ್‌ನ ಮೇಲೇ ಹೋಗುತ್ತಿತ್ತು. ಆ ಮನುಷ್ಯ ಸುಳ್ಳು ಹೇಳಲು ಹೋಗಿ ಅರ್ಧ ನಿಜ ಹೇಳಿಬಿಟ್ಟಿದ್ದ. ತಾನು ನಿಜ ಹೇಳುತ್ತೇನೆಂದು ಎದೆ ಸೆಟೆಸಿ ಬಂದವಳು ಬೆಳಗಿನಿಂದ ಆಡಿದ್ದೆಲ್ಲ ಸುಳ್ಳಾಗಿತ್ತು. ಇದಕ್ಕಿಂತ ಅನ್ಯಾಯ ಇನ್ನೇನಿದೆ? ಹೋಗಲಿ, ಈ ಬರಿಗೈಯನ್ನು ಅವರು ಕಂಡಿರಲಿಲ್ಲವೇ, ಅತಿಥಿಗಳಿಗೆ ಪ್ರದರ್ಶನಕ್ಕಿಟ್ಟಿರಲಿಲ್ಲವೇ, ಹುಬ್ಬೇರಿಸಿದವರ ಬಾಯಿ ಮುಚ್ಚಿಸಿರಲಿಲ್ಲವೇ? ಆ ಹುಬ್ಬೇರಿಸಿದವರಲ್ಲಿ ಒಬ್ಬರ ಮಾತು ಕೇಳಿದ್ದರೂ ಸಾಕಿತ್ತು. ಆದ್ದರಿಂದ ಅವರಿಗೇ ಮೊದಲು ಹೇಳಬೇಕು. ಅವಳು ಜೆಲ್ಲಿನ ಚಿತ್ರ ಹಿಡಿದು ಹೊರಟಾಗ ಕೆಳಗಡೆ ಸಮಿತಿಯ ಕಾರುಗಳು ಬಂದು ನಿಂತಿದ್ದವು.

ಸಭಾಂಗಣದ ಹೊರಗಿನ ಕಾರಿಡಾರಿನಲ್ಲಿ ಸರ್ ಇಸ್ತ್ರಿಯ ಕೋಟು ಹಾಕಿ, ಕಿಟಕಿಯ ಗಾಜಿನಲ್ಲಿ ತಲೆಗೂದಲು ನೋಡಿಕೊಳ್ಳುತ್ತಿದ್ದರು. ಅವಳು ಎಲ್ಲವನ್ನೂ ಹೇಳಿದಳು, ಜೋಡಿಸಿಟ್ಟ ಯಾವ ಮಾತೂ ಬಳಕೆಗೆ ಬರಲಿಲ್ಲ. ಅವರು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ಅವರಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಷ್ಟಾದರೂ ಅದೇ ಕಸುಬಿನವರು. ಒಂದು ಗಳಿಗೆ ಅವರು ಹಳೆಯ ಲ್ಯಾಬಿನಲ್ಲಿ ಬಿಲ್ಲೆ ಹರಿದುಕೊಂಡು ನಿಂತ ಹುಡುಗನ ಹಾಗೆಯೇ ಕಂಡರು, ಅವಳಿಗೆ ಪಾಪ ಅನಿಸಿತು. ಆಮೇಲೆ ಅವರು ಚಿತ್ರವನ್ನು ಮಡಿಸಿ ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡರು.

"ಬೆಳಿಗ್ಗೆ ನಾನು ಹೇಳಿದ್ದು ತಪ್ಪಾಯ್ತು. ನಿಮ್ಮ ಕೈ ಶುದ್ಧ. ಎಲ್ಲರೆದುರೂ ಹೇಳ್ತೀನಿ."

ಸೀಕ್ವೆನ್ಸಿಂಗ್ ಯಂತ್ರದೊಳಗೆ ಒಂದು ನೀರಿನ ಗುರುತು ಇನ್ನೊಂದಕ್ಕೆ ಹಾರುವುದುಂಟು, ಅಧ್ಯಕ್ಷೆ ಕೇಳಿದರೆ ಆಳದ ನೀರಿನದ್ದೇ ಖಾಲಿಗೆ ಹಾರಿದೆ ಎಂದರೆ ಆಯಿತು, ಅವರಿಗೂ ಅದು ಗೊತ್ತಿರುವ ಸಂಗತಿ, ಯಾರ ಕೈಯೂ ಬೇಡ, ಯಾರ ನಲ್ಲಿಯೂ ಬೇಡ ಎಂದರು. ಇದೇ ಮಾತನ್ನು ಬೆಳಿಗ್ಗೆ ಹೇಳಬಹುದಿತ್ತಲ್ಲ ಎಂದಳು ಅವಳು. ಈಗ ಹೇಳುತ್ತಿದ್ದೇನಲ್ಲ ಎಂದರು ಅವರು. ಬೆಳಿಗ್ಗೆ ಅವಳು ಬಯಸಿದ್ದು ಅಕ್ಷರಕ್ಕೆ ಅಕ್ಷರ ಇದೇ. ಅದು ಸುಳ್ಳಾದ ಮೇಲೆ ತಟ್ಟೆಯಲ್ಲಿಟ್ಟು ಕೊಡುತ್ತಿದ್ದರು. ನಿಮ್ಮ ಇಷ್ಟು ವರ್ಷದ್ದೆಲ್ಲ ಹೋಗುತ್ತದೆ, ಕೆರೆಯದು, ನದಿಯದು, ಒಂದೂ ನಿಲ್ಲುವುದಿಲ್ಲ, ಜನ ಮುಂದೆ ನಿಮ್ಮನ್ನು ಯಾವ ಲ್ಯಾಬಿನ ಹೊಸಿಲಿಗೂ ಸೇರಿಸುವುದಿಲ್ಲ, ನನ್ನದು ಹಾಗಿರಲಿ ಎಂದರು. ಅದೆಲ್ಲ ನಿಜವೇ ಆಗಿತ್ತು.

"ನಾನು ಗ್ಲೌಸ್ ತೆಗೀತೀನಿ ಅಂತ ನಿಮಗೆ ಗೊತ್ತಿತ್ತಲ್ಲ ಸರ್."

"ಗೊತ್ತಿತ್ತು ಅಂತ ಯಾರು ಹೇಳ್ತಾರೆ?" ಎಂದರು ಅವರು, ಮೆತ್ತಗೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಅಧ್ಯಕ್ಷೆಯ ತಲೆ ಕಂಡು, ಬನ್ನಿ ಬನ್ನಿ ಎಂದು ಮುಖ ಅರಳಿಸಿಕೊಂಡು ಹೊರಟರು.

ಸಭಾಂಗಣದಲ್ಲಿ ಅವಳಿಗೆ ಮುಂದಿನ ಸಾಲಿನಲ್ಲಿ ಜಾಗ ಇಟ್ಟಿದ್ದರು. ಸುಮ್ಮನೆ ಕೂತರೆ ಸಾಕಿತ್ತು. ಯಾರೂ ಅವಳನ್ನು ಏನೂ ಕೇಳುವುದಿರಲಿಲ್ಲ. ಜೇಬಿನೊಳಗಿನ ಚಿತ್ರ ಜೇಬಿನಲ್ಲೇ ಇರುತ್ತದೆ, ಜರಡಿ ಮಾತಾಡುವವನಲ್ಲ, ಸಂಜೆ ಬಸ್ಸಿನಲ್ಲಿ ಕಂಬ ಹಿಡಿದು ಮನೆಗೆ ಹೋಗಬಹುದು. ಪರದೆಯ ಮೇಲೆ ಆಳದ ನೀರಿನ ಕಂಬ ಒಬ್ಬಂಟಿಯಾಗಿ ನಿಂತಿತ್ತು, ಖಾಲಿಯದನ್ನು, ಕೇಳಿದರೆ ನೋಡಿಕೊಳ್ಳೋಣವೆಂದು, ತೆಗೆದಿದ್ದರು. ಮೇಲಿನಿಂದ ಕೆಳಗಿನವರೆಗೂ ಕಿತ್ತಳೆ. ಬುಡದಲ್ಲಿ ಬೂದು ಬಣ್ಣದ ಒಂದು ತೆಳು ಪಟ್ಟಿ, ಅದರ ಮುಂದೆ 'ಇತರೆ' ಎಂದು ಸಣ್ಣಕ್ಷರ. ಸರ್ ಚೆನ್ನಾಗಿ ಮಾತಾಡಿದರು. ಬೆಳಕು ಕಾಣದ ನೀರು, ಮಂಜಿನಷ್ಟು ತಣ್ಣನೆ, ಬೆಟ್ಟದಷ್ಟು ಒತ್ತಡ, ಅಲ್ಲಿ ಲೋಕದ ಕಣ್ಣಿಗೆ ಬೀಳದೆ ಬದುಕಿದ ಜೀವಿ ಎಂದೆಲ್ಲ ಅವರು ಹೇಳುತ್ತಿದ್ದಾಗ ಅವಳು ತನ್ನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಿದ್ದಳು. ಕೊನೆಗೆ ಅವರು ಅವಳ ಕಡೆ ಕೈತೋರಿಸಿ, ಈ ಶೋಧವೆಲ್ಲ ನಮ್ಮ ಅಕ್ಕನ ಕೈಗುಣ, ಅವರಷ್ಟು ಶುದ್ಧವಾದ ಕೈ ನಾನು ಕಂಡಿಲ್ಲ, ದಯವಿಟ್ಟು ಎದ್ದು ನಿಲ್ಲಿ ಎಂದರು. ಚಪ್ಪಾಳೆ ಎದ್ದಿತು. ಯಾರೋ ಮೈಕು ಅವಳ ಕೈಗೆ ಕೊಟ್ಟರು.

"ಅದು ಸಮುದ್ರದ್ದಲ್ಲ," ಎಂದಳು. "ನನ್ನ ಕೈಯದು."

ಸಭೆ ಘೊಳ್ಳೆಂದು ನಕ್ಕಿತು. ಎಷ್ಟು ಚೆನ್ನಾಗಿ ಹೇಳಿದರು ಎಂದು ಪಕ್ಕದವರು ಒಬ್ಬರಿಗೊಬ್ಬರು ಹೇಳಿಕೊಂಡರು, ಚಪ್ಪಾಳೆ ಮೊದಲಿಗಿಂತ ಜೋರಾಯಿತು. ಸರ್ ಕೂಡ ತಟ್ಟಿದರು, ಎಲ್ಲರಿಗಿಂತ ಗಟ್ಟಿಯಾಗಿ. ಹೇಳಬೇಕಾದದ್ದನ್ನು ಹೇಳಿಯಾಯಿತು, ಜನ ಹೀಗೆ ಕೇಳಿಸಿಕೊಂಡರೆ ಅದು ತನ್ನ ತಪ್ಪೇ ಎಂದು ಅವಳು ಕೂರಲು ಹೊರಟಳು, ಕುರ್ಚಿಯ ಅಂಚು ಕಾಲಿಗೆ ತಾಗಿತು. ಎಲ್ಲ ಮುಖಗಳೂ ಅವಳ ನಗುವಿಗಾಗಿ ಕಾಯುತ್ತಿದ್ದವು. ತುಟಿ ತಾನಾಗಿಯೇ ಅಗಲವಾಗಲು ಹೊರಟದ್ದು ಅವಳಿಗೆ ತಿಳಿಯಿತು, ಆ ಸಿಟ್ಟಿಗೆ ಅವಳು ಮತ್ತೆ ನೆಟ್ಟಗೆ ನಿಂತಳು. ಚಪ್ಪಾಳೆ ತಾನಾಗಿ ಸೋತು ನಿಲ್ಲುವವರೆಗೂ ಕಾದಳು. ಬಿಲ್ಲೆ ಸುತ್ತುವಾಗ ನಾನು ಗ್ಲೌಸ್ ತೆಗೆಯುತ್ತೇನೆ ಎಂದಳು, ಪಾಠ ಹೇಳುವ ದನಿಯಲ್ಲಿ. ಬೆರಳಿನ ಚರ್ಮದಲ್ಲಿ ಇದ್ದದ್ದು ಬಿಲ್ಲೆಗೆ ಹತ್ತಿದೆ, ಖಾಲಿಗೂ ಹತ್ತಿದೆ, ಆ ಖಾಲಿಯನ್ನು ನಿಮಗೆ ತೋರಿಸಿಲ್ಲ. ಈ ಕಿತ್ತಳೆ ಬಣ್ಣದ ಜೀವಿ ನನ್ನ ಹೆಬ್ಬೆರಳಿನಲ್ಲಿ ಬದುಕುತ್ತದೆ. ಇಷ್ಟು ವರ್ಷ ನಾನು ಸುತ್ತಿದ್ದರಲ್ಲೆಲ್ಲ ಇದೆ, ಸುತ್ತದೇ ಇದ್ದದ್ದರಲ್ಲಿ ಇಲ್ಲ. ಇವತ್ತಿನ ಪರೀಕ್ಷೆಯ ಚಿತ್ರ ಸರ್‌ನ ಜೇಬಿನಲ್ಲಿದೆ. ನಾನು ಗ್ಲೌಸ್ ತೆಗೆಯುವುದು ಅವರಿಗೆ ಮೊದಲಿನಿಂದಲೂ ಗೊತ್ತು.

ಈ ಸಲ ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರದೋ ಕುರ್ಚಿ ಕಿರುಗುಟ್ಟಿತು. ಸರ್ ಜೇಬಿನ ಮೇಲೆ ಕೈಯಿಟ್ಟುಕೊಂಡು, ಕೈ ಎಲ್ಲಿಟ್ಟಿದ್ದೇನೆ ಎಂದು ತಿಳಿದ ಕೂಡಲೇ ತೆಗೆದರು. ಅಧ್ಯಕ್ಷೆ ಸರ್ ಕಡೆಗೂ ನೋಡಲಿಲ್ಲ, ಅವಳ ಕಡೆಗೂ ನೋಡಲಿಲ್ಲ. ಪರದೆಯನ್ನೇ ನೋಡುತ್ತ ಕೇಳಿದರು.

"ಹಾಗಾದ್ರೆ ಆ ಆಳದ ನೀರಲ್ಲಿ ಏನಿತ್ತು?"

ಮೈಕು ಇನ್ನೂ ಅವಳ ಕೈಯಲ್ಲೇ ಇತ್ತು. ಜರಡಿ ತಲೆ ತಗ್ಗಿಸಿದ. ಅಷ್ಟು ದೂರ ಹಡಗು ಹೋಗಿ, ಅಷ್ಟು ಉದ್ದದ ಹಗ್ಗ ಇಳಿಬಿಟ್ಟು, ಅಷ್ಟು ಕತ್ತಲೆಯಿಂದ ಎತ್ತಿ ತಂದ ನೀರು. ಅವಳೇ ಅದನ್ನು ಸೋಸಿ ಸಿಂಕಿಗೆ ಚೆಲ್ಲಿದ್ದಳು. ಪರದೆಯ ಬುಡದ ಬೂದು ಪಟ್ಟಿಯನ್ನು ಈಗ ಅವಳೂ ಮೊದಲ ಸಲ ಎಂಬಂತೆ ನೋಡಿದಳು.

"ಇತರೆ ಅಂತ ಬರ್ದಿದೀವಲ್ಲ, ಅದು," ಎಂದಳು. "ಅದನ್ನ ನಾವು ಯಾರೂ ಇನ್ನೂ ನೋಡೇ ಇಲ್ಲ."